ನಾವಧ್ಯಕ್ಷ, ಸೂನಾಧ್ಯಕ್ಷ ಮತ್ತು ಗಹಿರಮಥಾದ ಅರಣ್ಯಾಧಿಕಾರಿ

ದೆಹಲಿಯ ಫಿರೋಜ್ ಶಾ ಕೋಟ್ಲಾದ ಕಟ್ಟಡವೊಂದರ ನೆತ್ತಿಯ ಮೇಲೆ ನಿಂತಿರುವ ಅಶೋಕಸ್ತಂಭವು ಮೂಲತಃ ತೋಪ್ರಾ ಎಂಬ ಊರಿನದು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಅದನ್ನು ಯಮುನೆಯ ಮೇಲೆ ದೋಣಿಗಳಲ್ಲಿ ಸಾಗಿಸಿ ತಂದು ಇಲ್ಲಿ ನಿಲ್ಲಿಸಿದನು. ಸ್ತಂಭದ ಮೇಲಿರುವ ಏಳು ಶಾಸನಗಳಲ್ಲಿ ಐದನೆಯದು, ಅಶೋಕನು ತನ್ನ ಅಭಿಷೇಕದ ಇಪ್ಪತ್ತಾರನೆಯ ವರ್ಷದಲ್ಲಿ ಬರೆಯಿಸಿದ್ದು, ಕೊಲ್ಲಬಾರದ ಜೀವಿಗಳ ಒಂದು ದೀರ್ಘ ಪಟ್ಟಿ. ಗಿಳಿ, ಗೊರವಂಕ, ಬಾವಲಿಗಳ ಜೊತೆಗೆ ಆಮೆಯೂ ಕೆಲವು ಬಗೆಯ ಮೀನುಗಳೂ ಆ ಪಟ್ಟಿಯಲ್ಲಿವೆ. ಕೆಲವು ಹೆಸರುಗಳ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಆದರೆ ಪಟ್ಟಿಗಿಂತ ಹೆಚ್ಚು ಕುತೂಹಲಕರವಾದುದು ಅದರ ಮುಂದಿನ ಭಾಗ. ಚಾತುರ್ಮಾಸ್ಯದ ಹುಣ್ಣಿಮೆಗಳು, ತಿಷ್ಯ ನಕ್ಷತ್ರದ ಹುಣ್ಣಿಮೆ, ಅವುಗಳ ಹಿಂದುಮುಂದಿನ ತಿಥಿಗಳು ಹಾಗೂ ಉಪವಾಸದ ದಿನಗಳಲ್ಲಿ ಮೀನನ್ನು ಕೊಲ್ಲಲೂ ಕೂಡದು, ಮಾರಲೂ ಕೂಡದು ಎಂದು ಶಾಸನ ವಿಧಿಸುತ್ತದೆ. ಅದೇ ದಿನಗಳಲ್ಲಿ ಆನೆಯ ಕಾಡುಗಳಲ್ಲಿಯೂ ಬೆಸ್ತರ ಮೀಸಲು ನೀರುಗಳಲ್ಲಿಯೂ ಬೇರೆ ಜೀವಿಗಳನ್ನೂ ಕೊಲ್ಲಬಾರದೆಂದು ಹೇಳುತ್ತದೆ.

ಕಾಡು ಮತ್ತು ಮೀನಿನ ನೀರು ಒಂದೇ ವಾಕ್ಯದಲ್ಲಿ, ಒಂದೇ ವಿಧಿಗೆ ಒಳಪಟ್ಟು ನಿಲ್ಲುವುದು ನಮಗೆ ತಿಳಿದಂತೆ ಇಲ್ಲಿಯೇ ಮೊದಲು. ಕಾಡನ್ನು ಕಾಯುವ ಅಧಿಕಾರಿಯೊಬ್ಬನು ಕಡಲಿಗಿಳಿದು ಬಲೆಯನ್ನು ತಪಾಸಣೆ ಮಾಡುವ ವ್ಯವಸ್ಥೆ ತೀರ ಆಧುನಿಕವಾದುದು, ಅದೂ ಪರದೇಶಗಳಿಂದ ಬಂದದ್ದು ಎಂಬ ಭಾವನೆ ಸಾಮಾನ್ಯವಾಗಿದೆ. ಒಡಿಶಾದ ಗಹಿರಮಥಾ ಕಡಲತೀರದಲ್ಲಿ ಅರಣ್ಯ ಇಲಾಖೆಯವರು ಮೀನುಗಾರಿಕೆಯ ಕಾಯ್ದೆಯನ್ನು ಜಾರಿಗೊಳಿಸುತ್ತಿರುವ ಬಗೆಯನ್ನು ಕುರಿತು ಓದುತ್ತಿದ್ದಾಗ, ಈ ಭಾವನೆಯನ್ನು ಪೂರ್ಣವಾಗಿ ಒಪ್ಪಲಾಗದು ಎಂದು ನನಗೆ ತೋರಿತು. ಹಾಗೆಂದು ಎಲ್ಲವೂ ನಮ್ಮ ಪ್ರಾಚೀನರಲ್ಲಿತ್ತು ಎನ್ನುವ ಸುಲಭದ ಹೆಮ್ಮೆಗೂ ಇಲ್ಲಿ ಎಡೆಯಿಲ್ಲ. ಪ್ರಾಚೀನರು ಎರಡು ಹುದ್ದೆಗಳಾಗಿ ಬಿಡಿಸಿಟ್ಟಿದ್ದ ಕೆಲಸವನ್ನು ನಾವು ಒಬ್ಬನ ಹೆಗಲಿಗೆ ಹಾಕಿದ್ದೇವೆ. ಆ ಹೆಗಲ ಭಾರವೇ ಈ ಲೇಖನದ ವಿಷಯ.

ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸೂನಾಧ್ಯಕ್ಷನೆಂಬ ಅಧಿಕಾರಿಯೂ, ಅವನಿಂದ ಎರಡು ಅಧ್ಯಾಯಗಳ ತರುವಾಯ ನಾವಧ್ಯಕ್ಷನೆಂಬ ಅಧಿಕಾರಿಯೂ ಬರುತ್ತಾರೆ. ಈ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ನೆನಪಿಸಬೇಕಾದ ಸಂಗತಿಯೇನಲ್ಲ. ಗ್ರಂಥದ ಕಾಲವನ್ನು ಮೌರ್ಯಯುಗದಿಂದ ಕೆಲವು ಶತಮಾನ ಈಚೆಗೆ ತರುವ ವಿದ್ವಾಂಸರೂ ಇದ್ದಾರೆ. ನಮ್ಮ ಪ್ರಸ್ತುತ ಉದ್ದೇಶಕ್ಕೆ ಆ ವಾದದಿಂದ ಬಾಧಕವಿಲ್ಲ.

ಸೂನಾಧ್ಯಕ್ಷನ ಮುಖ್ಯ ಕಾರ್ಯ ವಧಾಸ್ಥಾನಗಳ ಮೇಲ್ವಿಚಾರಣೆ. ಆದರೆ ಅವನ ಅಧ್ಯಾಯ ಆರಂಭವಾಗುವುದೇ ಅಭಯವನಗಳಿಂದ. ಅಭಯ ಘೋಷಿತವಾದ ಮೃಗ, ಪಶು, ಪಕ್ಷಿ ಮತ್ತು ಮೀನುಗಳನ್ನು ಹಿಡಿದವರಿಗೆ, ಕೊಂದವರಿಗೆ, ಹಿಂಸಿಸಿದವರಿಗೆ ಉತ್ತಮದಂಡ, ಎಂದರೆ ಅತ್ಯಧಿಕ ದಂಡ. ಹೀಗೆ ಹೇಳಿದ ಒಡನೆಯೇ ಗ್ರಂಥಕಾರನು ಒಂದು ಭೇದವನ್ನು ಕಲ್ಪಿಸುತ್ತಾನೆ: ಅಭಯವನದ ಎಲ್ಲೆಯಲ್ಲಿ ಮನೆಮಾರು ಹೂಡಿಕೊಂಡಿರುವ ಕುಟುಂಬಿಗಳು ತಪ್ಪಿದರೆ ಅವರಿಗೆ ಮಧ್ಯಮ ದಂಡ. ಹೊರಗಿನಿಂದ ಬಂದು ಬೇಟೆಯಾಡುವವನೂ ಅಲ್ಲಿಯೇ ಬಾಳುವವನೂ ಒಂದೇ ತಪ್ಪನ್ನು ಮಾಡಿದರೂ ಒಂದೇ ದಂಡಕ್ಕೆ ಅರ್ಹರಲ್ಲ ಎಂಬ ಈ ವಿವೇಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ನಾವಧ್ಯಕ್ಷನ ಅಧ್ಯಾಯ ಬೇರೆಯೇ ಲೋಕ. ಸಮುದ್ರಯಾನ, ನದೀಮುಖಗಳ ಹಾಯುವಿಕೆ, ಸರೋವರ ಮತ್ತು ನದಿಗಳ ದೋಣಿಕಟ್ಟೆ, ಇವೆಲ್ಲ ಅವನ ಕಣ್ಗಾವಲಿನಲ್ಲಿರಬೇಕು. ದಡದ ಊರುಗಳು ನಿಶ್ಚಿತ ಕಂದಾಯವನ್ನು ಕೊಡಬೇಕು. ಬೆಸ್ತರು ದೋಣಿಯ ಬಾಡಿಗೆಯೆಂದು ತಮ್ಮ ಹಿಡಿತದ ಆರನೆಯ ಒಂದು ಪಾಲನ್ನು ಸಲ್ಲಿಸಬೇಕು. ಇಲ್ಲಿಯವರೆಗೆ ಇದು ಬೊಕ್ಕಸದ ಮಾತು. ಮುಂದೆ ಬರುವುದು ಸುರಕ್ಷತೆಯ ಮಾತು. ದೊಡ್ಡ ನದಿಗಳಲ್ಲಿ ಹಾಯುವ ದೊಡ್ಡ ನಾವೆಗಳಲ್ಲಿ ನಾಯಕ, ಚುಕ್ಕಾಣಿಗ, ಕುಡುಗೋಲು ಹಿಡಿಯುವವ, ಹಗ್ಗ ಹಿಡಿಯುವವ, ನೀರು ಎತ್ತಿ ಹಾಕುವವ ಇರತಕ್ಕದ್ದು. ಮಳೆಗಾಲದಲ್ಲಿ ಮಾತ್ರ ಹರಿಯುವ ಸಣ್ಣ ಹೊಳೆಗಳಿಗೆ ಸಣ್ಣ ದೋಣಿ. ಅಕಾಲದಲ್ಲಿ, ಕಟ್ಟೆಯಲ್ಲದ ಕಡೆಯಲ್ಲಿ ಹಾಯ್ದವನಿಗೆ ದಂಡವಿದೆ. ಆದರೆ ಬೆಸ್ತರಿಗೆ, ಸೌದೆ ಹುಲ್ಲು ಹೊರುವವರಿಗೆ, ಇಂಥ ಕೆಲವರಿಗೆ ಆ ದಂಡವಿಲ್ಲ. ಅವರ ಬದುಕು ಕಾಲ ಕಟ್ಟೆಗಳನ್ನು ನೋಡಿಕೊಂಡು ನಡೆಯುವಂಥದಲ್ಲ ಎಂಬುದು ಶಾಸ್ತ್ರಕಾರನಿಗೆ ಗೊತ್ತಿತ್ತು. ಬಿರುಗಾಳಿಗೆ ಸಿಕ್ಕಿ ದಿಕ್ಕುಗೆಟ್ಟು ಬಂದ ನಾವೆಯನ್ನು ಅಧ್ಯಕ್ಷನು ತಂದೆಯಂತೆ ಆದರಿಸಬೇಕೆಂದೂ ವಿಧಿಯಿದೆ. ಎಲ್ಲಕ್ಕಿಂತ ಮಿಗಿಲಾಗಿ ನನ್ನನ್ನು ತಡೆದು ನಿಲ್ಲಿಸಿದ ವಿಧಿ ಇನ್ನೊಂದು. ಸಾಕಷ್ಟು ಆಳುಗಳಿಲ್ಲದೆ, ಸಲಕರಣೆಗಳಿಲ್ಲದೆ ಅಥವಾ ದುರಸ್ತಿಯಿಲ್ಲದೆ ದೋಣಿ ಕೆಟ್ಟರೆ, ಆದ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡಬೇಕು. ಕಾಯುವವನೇ ಹೊಣೆ. ಈ ಮಾತನ್ನು ನಮ್ಮ ಕಾಲದ ಯಾವ ದೋಣಿ ಕಾಯ್ದೆಯೂ ಇಷ್ಟು ನೇರವಾಗಿ ಹೇಳಿದಂತೆ ಕಾಣೆ.

ಜೀವವನ್ನು ಕಾಯುವವನು ಒಬ್ಬ, ನೀರಿನ ಸಂಚಾರವನ್ನು ಕಾಯುವವನು ಮತ್ತೊಬ್ಬ. ಒಬ್ಬನಿಗೆ ಪ್ರಾಣಿಯ ಎಣಿಕೆ, ಇನ್ನೊಬ್ಬನಿಗೆ ಮನುಷ್ಯರ ಎಣಿಕೆ.

ಮಧ್ಯಯುಗದ ನಮ್ಮ ಸಾಹಿತ್ಯ ಈ ವಿಷಯದಲ್ಲಿ ಮಿತಭಾಷಿ. ಅಷ್ಟಾದಶವರ್ಣನೆಗಳಲ್ಲಿ ಸಮುದ್ರವರ್ಣನೆ ಅಗತ್ಯವಾದ್ದರಿಂದ ಚಂಪೂಕವಿಗಳು ತೆರೆ, ಮಕರ, ಮುತ್ತು, ಬಡಬಾಗ್ನಿಗಳನ್ನು ಎಡೆಬಿಡದೆ ವರ್ಣಿಸಿದರು. ಆ ಸಮುದ್ರದಲ್ಲಿ ಬಲೆ ಬೀಸುವವನು ಮಾತ್ರ ಅಪರೂಪ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದ್ದು, ಕಡಲಿನ ಮತ್ತು ಹೊಳೆಯ ಮೀನುಗಳ ಜಾತಿ, ಅವುಗಳಿಗೆ ಒಡ್ಡುವ ಆಹಾರ, ಗಾಳದ ದಾರ ಇವುಗಳ ವಿವರ ದೊರೆಯುತ್ತದೆ. ಆದರೆ ಅದು ದೊರೆಯ ವಿನೋದ, ಬೆಸ್ತನ ಕಸುಬಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನೊಬ್ಬನು ಹುಟ್ಟು ಹಿಡಿದ ಕೈಯಿಂದಲೇ ಮಾತನಾಡಿದನು. ಇನ್ನು ಆಮೆ. ಆಮೆಯು ತನ್ನ ಮೊಟ್ಟೆಗಳನ್ನು ದಡದಲ್ಲಿ ಬಿಟ್ಟು, ದೂರದಿಂದ ಬರಿಯ ನೆನಹಿನಿಂದ ಅಥವಾ ನೋಟದಿಂದ ಮರಿ ಮಾಡುತ್ತದೆ ಎಂಬ ನಂಬಿಕೆ ಭಾರತೀಯ ಭಕ್ತಿಸಾಹಿತ್ಯದಲ್ಲೆಲ್ಲ ಹರಿದುಬಂದಿದೆ. ಗುರುವಿನ ಕೃಪಾದೃಷ್ಟಿಗೆ ಅದು ಸಿದ್ಧ ಉಪಮಾನ. ನಿಜಸ್ಥಿತಿಯಲ್ಲಿ ತಾಯಿ ಆಮೆ ಹೊಂಡ ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಸುಮಾರು ಒಂದು ಗಂಟೆಯೊಳಗೆ ನೀರಿಗೆ ಮರಳುತ್ತದೆ. ಮತ್ತೆ ಆ ಮೊಟ್ಟೆಗಳ ಕಡೆಗೆ ನೋಡುವುದಿಲ್ಲ. ಮರಿ ಮಾಡುವುದು ಮರಳಿನ ಕಾವು. ಸುಮಾರು ಐವತ್ತು ದಿನಗಳ ಆ ಕಾವು ಹೆಚ್ಚಿದರೆ ಹೆಣ್ಣು, ಕಡಿಮೆಯಾದರೆ ಗಂಡು. ಕವಿಸಮಯ ಸುಳ್ಳಾಯಿತೆಂದು ಕೊರಗಬೇಕಿಲ್ಲ. ನೋಡಿಕೊಳ್ಳುವ ಕಣ್ಣು ಈಗ ಬೇರೆಯವರದಾಗಿದೆ, ಅಷ್ಟೆ.

ಬ್ರಾಹ್ಮಣಿ ಮತ್ತು ವೈತರಣಿ ನದಿಗಳು ಕಡಲು ಸೇರುವಲ್ಲಿ, ಇಂದಿನ ಕೇಂದ್ರಾಪಡಾ ಜಿಲ್ಲೆಯಲ್ಲಿ, ಗಹಿರಮಥಾ ಕಡಲತೀರವಿದೆ. ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕೆಲವೇ ರಾತ್ರಿಗಳಲ್ಲಿ ದಡವೇರಿ ಮೊಟ್ಟೆಯಿಡುವ ಜಗತ್ತಿನ ಕೆಲವೇ ತಾಣಗಳಲ್ಲಿ ಇದೊಂದು. ವಿಜ್ಞಾನಲೋಕಕ್ಕೆ ಇದು ತಿಳಿದದ್ದು 1974ರಲ್ಲಿ, ಮೊಸಳೆಗಳ ಅಧ್ಯಯನಕ್ಕಾಗಿ ಬಂದಿದ್ದ ಎಚ್. ಆರ್. ಬಸ್ಟರ್ಡ್ ಎಂಬ ತಜ್ಞರಿಂದ. ಆದರೆ ಸ್ಥಳೀಯರಿಗೂ ಆಳುವವರಿಗೂ ಅದು ಬಹುಕಾಲದಿಂದ ತಿಳಿದೇ ಇತ್ತು. ಕನಿಕಾದ ಜಮೀನ್ದಾರರು ಆಮೆಯ ಮೊಟ್ಟೆಗಳನ್ನು ಒಯ್ಯುವ ದೋಣಿಗಳ ಮೇಲೆ ಅಂಡಕರವೆಂಬ ತೆರಿಗೆಯನ್ನು ವಿಧಿಸುತ್ತಿದ್ದರು. ಒಂದೊಂದು ದೋಣಿಯಲ್ಲಿ ಹತ್ತಾರು ಸಾವಿರ ಮೊಟ್ಟೆಗಳು. ಜಮೀನ್ದಾರಿ ರದ್ದಾದ ಮೇಲೆ, 1957ರಲ್ಲಿ, ಆ ಕಾಡುಗಳು ಅರಣ್ಯ ಇಲಾಖೆಯ ವಶಕ್ಕೆ ಬಂದವು. ಜೊತೆಗೆ ಅಂಡಕರವೂ ಹೊಸ ಹೆಸರಿನಲ್ಲಿ ಬಂದಿತು. ಇಲಾಖೆ ದೋಣಿಗೆ ಇಷ್ಟೆಂದು ಶುಲ್ಕ ಪಡೆದು ಪರವಾನಗಿ ಕೊಡತೊಡಗಿತು. ಮೊಟ್ಟೆಗಳನ್ನು ಮನುಷ್ಯರು ತಿಂದರು, ದನಗಳಿಗೂ ತಿನ್ನಿಸಿದರು. ಒಡಿಶಾದ ಕರಾವಳಿಯಿಂದ ಜೀವಂತ ಆಮೆಗಳು ಕಲ್ಕತ್ತೆಯ ಮಾರುಕಟ್ಟೆಗೆ ರವಾನೆಯಾಗುತ್ತಿದ್ದವು. 1975ರಲ್ಲಿ ಭಿತರಕನಿಕಾ ಅಭಯಾರಣ್ಯವಾಗುವ ಹೊತ್ತಿಗೆ ಪರವಾನಗಿಯ ಕಾಲ ಮುಗಿಯಿತು. ಹೀಗೆ, ಇಂದು ಆಮೆಗಾಗಿ ಕಡಲನ್ನು ಕಾಯುತ್ತಿರುವ ಇಲಾಖೆಯೇ ಒಂದು ತಲೆಮಾರಿನ ಹಿಂದೆ ಆಮೆಯ ಮೊಟ್ಟೆಯನ್ನು ಮಾರುತ್ತಿತ್ತು. ಇದನ್ನು ಇಲಾಖೆಯ ನಿಂದೆಯೆಂದು ತಿಳಿಯಬಾರದು. ಅಂದಿನ ಕಾನೂನು ಅದು. ಆದರೆ ಆ ದಡದ ಮುದುಕರಿಗೆ ಅದರ ನೆನಪಿದ್ದರೆ, ಹೊಸ ನಿಷೇಧವನ್ನು ಅವರು ಯಾವ ದೃಷ್ಟಿಯಿಂದ ನೋಡಿಯಾರು ಎಂಬುದನ್ನು ಚರಿತ್ರಕಾರನು ಊಹಿಸಬೇಕು.

ಇಷ್ಟರಲ್ಲಿ ಕಡಲಿನ ಮೇಲೆ ಕಾಯ್ದೆಗಳು ಒಂದೊಂದಾಗಿ ಏಳತೊಡಗಿದ್ದವು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷದಿಂದ ಮೀನು ಹಿಡಿಯುವುದನ್ನು ನಿಷೇಧಿಸಿತ್ತು. ಅದಕ್ಕಿಂತ ಹೆಚ್ಚಿನ ಮಹತ್ವಾಕಾಂಕ್ಷೆ ಅದಕ್ಕಿರಲಿಲ್ಲ. ಸಂವಿಧಾನವು ಮೀನುಗಾರಿಕೆಯನ್ನು ರಾಜ್ಯಗಳ ಪಟ್ಟಿಗೂ, ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆಯನ್ನು ಕೇಂದ್ರದ ಪಟ್ಟಿಗೂ ಹಂಚಿತು. 1976ರ ಕಾಯ್ದೆ ಆ ಪ್ರಾದೇಶಿಕ ಜಲದ ಎಲ್ಲೆಯನ್ನು 12 ನಾವಿಕ ಮೈಲಿಗಳೆಂದು ನಿಗದಿಗೊಳಿಸಿತು. ಯಂತ್ರದ ಟ್ರಾಲರುಗಳು ಬಂದು ದಡದ ಬಳಿಯ ಸಿಗಡಿಯನ್ನು ಬಾಚತೊಡಗಿದಾಗ ನಾಡದೋಣಿಯವರೊಡನೆ ಘರ್ಷಣೆಗಳಾದವು. ಅದರ ಫಲವಾಗಿ ಕೇಂದ್ರವು ಒಂದು ಮಾದರಿ ಮಸೂದೆಯನ್ನು ರೂಪಿಸಿತು. ಕೇರಳ ಮತ್ತು ಗೋವಾ 1980ರಲ್ಲಿ, ಮಹಾರಾಷ್ಟ್ರ 1981ರಲ್ಲಿ, ಒಡಿಶಾ 1982ರಲ್ಲಿ, ಕರ್ನಾಟಕ 1986ರಲ್ಲಿ ತಮ್ಮ ತಮ್ಮ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಗಳನ್ನು ಮಾಡಿದವು. ದಕ್ಷಿಣ ಕನ್ನಡದಿಂದ ಹೋಗಿ ಮುಂಬಯಿಯಲ್ಲಿ ನೆಲೆಸಿದ ಮೊಗವೀರ ಕುಟುಂಬಗಳ ಓದುಗರಿಗೆ ಈ ಘರ್ಷಣೆಗಳ ವೃತ್ತಾಂತ ಎರಡು ರಾಜ್ಯಗಳ ಕಡೆಯಿಂದಲೂ ಪರಿಚಿತವಾಗಿರಬಹುದು. ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೆಂದರೆ, ಈ ಕಾಯ್ದೆಗಳು ಹುಟ್ಟಿದ್ದು ಆಮೆಗಾಗಿ ಅಲ್ಲ, ಸಣ್ಣ ಮೀನುಗಾರನಿಗಾಗಿ. ಒಡಿಶಾದ ನಿಯಮಗಳಂತೆ ದಡದಿಂದ 5 ಕಿಲೋಮೀಟರಿನವರೆಗಿನ ನೀರು ಸಾಂಪ್ರದಾಯಿಕ ದೋಣಿಗಳಿಗೆ ಮೀಸಲು. 15 ಮೀಟರಿಗಿಂತ ಉದ್ದದ ಯಾಂತ್ರಿಕ ದೋಣಿಗಳು 10 ಕಿಲೋಮೀಟರಿನ ಆಚೆಗೆ ಇರತಕ್ಕದ್ದು. ಮತ್ಸ್ಯನ್ಯಾಯವೆಂಬ ಹಳೆಯ ಮಾತಿಗೆ ಇದು ಅಕ್ಷರಶಃ ಉತ್ತರವಾಗಿತ್ತು: ದೊಡ್ಡ ದೋಣಿ ಸಣ್ಣ ದೋಣಿಯನ್ನು ನುಂಗಬಾರದು.

ಆಮೆ ಈ ಕಥೆಯೊಳಗೆ ಬಂದದ್ದು ಟ್ರಾಲರಿನ ಬಲೆಯ ಮೂಲಕ. ಆಮೆಗೆ ಶ್ವಾಸಕೋಶವಿದೆ, ಕಿವಿರಿಲ್ಲ. ಆಗಾಗ ಮೇಲೆ ಬಂದು ಉಸಿರೆಳೆದುಕೊಳ್ಳಲೇಬೇಕು. ಗಂಟೆಗಟ್ಟಲೆ ನೀರಿನಡಿ ಎಳೆಯುವ ಬಲೆಯಲ್ಲಿ ಸಿಕ್ಕಿದ ಆಮೆ ಮುಳುಗಿ ಸಾಯುತ್ತದೆ. 1990ರ ದಶಕದ ಕೊನೆಯ ವರ್ಷಗಳಲ್ಲಿ ಒಡಿಶಾದ ದಡಗಳಿಗೆ ವರ್ಷಕ್ಕೆ ಹತ್ತು ಸಾವಿರದ ಆಸುಪಾಸಿನ ಆಮೆಗಳ ಕಳೇಬರಗಳು ಬಂದು ಬೀಳುತ್ತಿದ್ದವು. ಬಲೆಯ ಕೊರಳಿಗೆ ಕಬ್ಬಿಣದ ಒಂದು ಜಾಲರಿಯನ್ನೂ ಮೇಲೊಂದು ಕಿಂಡಿಯನ್ನೂ ಜೋಡಿಸಿದರೆ ಸಿಗಡಿ ಒಳಕ್ಕೆ ಜಾರುತ್ತದೆ, ಆಮೆ ಕಿಂಡಿಯಿಂದ ಹೊರಬೀಳುತ್ತದೆ. ಈ ಉಪಕರಣವಿಲ್ಲದೆ ಹಿಡಿದ ಸಿಗಡಿಯನ್ನು ಆಮದು ಮಾಡಿಕೊಳ್ಳಬಾರದೆಂದು ಅಮೆರಿಕ 1989ರಲ್ಲಿ ಕಾನೂನು ಮಾಡಿದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಒಟ್ಟಾಗಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 1998ರ ಅಕ್ಟೋಬರಿನಲ್ಲಿ ಬಂದ ಮೇಲ್ಮನವಿಯ ತೀರ್ಪು, ಆಮೆಯ ರಕ್ಷಣೆ ನ್ಯಾಯಸಮ್ಮತವಾದ ಉದ್ದೇಶ, ಆದರೆ ಅಮೆರಿಕ ಅದನ್ನು ಜಾರಿಗೊಳಿಸಿದ ರೀತಿ ಪಕ್ಷಪಾತದಿಂದ ಕೂಡಿದ್ದು ಎಂದಿತು. ಎರಡೂ ಪಕ್ಷದವರು ತಾವು ಗೆದ್ದೆವೆಂದುಕೊಳ್ಳಲು ಅದರಲ್ಲಿ ಅವಕಾಶವಿತ್ತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೋಣಿಗಳಿಗೆ ಒಗ್ಗುವ ಜಾಲರಿಯನ್ನು ರೂಪಿಸಿಕೊಟ್ಟರೂ, ಕಿಂಡಿಯಿಂದ ಒಂದಿಷ್ಟು ಮೀನೂ ಹೋಗುತ್ತದೆಂಬ ಕಾರಣಕ್ಕೆ ಅದನ್ನು ದಡದಲ್ಲಿ ತೋರಿಸಿ ಕಡಲಿನಲ್ಲಿ ಬಿಚ್ಚಿಡುವ ದೋಣಿಗಳ ದೂರು ನಿಲ್ಲಲಿಲ್ಲ.

1997ರ ಸೆಪ್ಟೆಂಬರ್ 27ರಂದು ಒಡಿಶಾ ಸರ್ಕಾರ ಗಹಿರಮಥಾವನ್ನು ಕಡಲ ಅಭಯಾರಣ್ಯವೆಂದು ಘೋಷಿಸಿತು. ಒಟ್ಟು 1,435 ಚದರ ಕಿಲೋಮೀಟರು. ಅದರಲ್ಲಿ ನೆಲ ಸುಮಾರು 27 ಮಾತ್ರ. ಕಾಡನ್ನು ಕಾಯಲೆಂದು ನೇಮಕಗೊಂಡ ಅಧಿಕಾರಿಯ ಅರಣ್ಯದಲ್ಲಿ ಮರವಿರುವ ಭಾಗ ನೂರಕ್ಕೆ ಎರಡರಷ್ಟೂ ಇಲ್ಲ.

ಈ ಘೋಷಣೆಗೆ ದಾರಿಮಾಡಿಕೊಟ್ಟದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಆದ ತಿದ್ದುಪಡಿ. ಪ್ರಾದೇಶಿಕ ಜಲವನ್ನು ಅಭಯಾರಣ್ಯಕ್ಕೆ ಸೇರಿಸುವಾಗ ಎಲ್ಲೆಯನ್ನು ನೌಕಾಪಡೆಯ ಮುಖ್ಯ ಜಲಮಾಪಕರೊಡನೆ ಸಮಾಲೋಚಿಸಿ ನಿರ್ಧರಿಸಬೇಕು, ಸ್ಥಳೀಯ ಮೀನುಗಾರರ ಕಸುಬಿನ ಹಿತರಕ್ಷಣೆಗೆ ಸಾಕಷ್ಟು ಕ್ರಮ ಕೈಗೊಳ್ಳಬೇಕು ಎಂದು ಅದು ಹೇಳುತ್ತದೆ. ಮತ್ತೊಂದು ಮಾತನ್ನೂ ಸೇರಿಸುತ್ತದೆ: ಹಡಗು ದೋಣಿಗಳು ಆ ನೀರಿನ ಮೂಲಕ ನಿರುಪದ್ರವವಾಗಿ ಹಾದುಹೋಗುವ ಹಕ್ಕಿಗೆ ಘೋಷಣೆಯಿಂದ ಭಂಗ ಬರಬಾರದು. ಓದುವಾಗ ಇದು ಸೌಮ್ಯವಾದ ವಾಕ್ಯ. ಕಾವಲು ದೋಣಿಯಲ್ಲಿ ನಿಂತವನಿಗೆ ಇದೇ ದೊಡ್ಡ ತೊಡಕು. ಉತ್ತರಕ್ಕೆ ಧಾಮರಾ, ದಕ್ಷಿಣಕ್ಕೆ ಪಾರಾದೀಪ; ಎರಡೂ ಮೀನುಗಾರಿಕೆಯ ಬಂದರುಗಳು; ಎರಡರ ನಡುವೆ ಅಭಯಾರಣ್ಯ. ಸಿಕ್ಕಿದ ಪ್ರತಿಯೊಂದು ಟ್ರಾಲರೂ ತಾನು ದಾಟಿಹೋಗುತ್ತಿದ್ದೆನೆಂದು ಹೇಳಬಹುದು. ಬಲೆ ನೀರಿನಲ್ಲಿತ್ತೇ, ದೋಣಿಯ ಮೇಲಿತ್ತೇ ಎಂಬುದೇ ಅಪರಾಧವನ್ನೂ ನಿರಪರಾಧವನ್ನೂ ಬೇರ್ಪಡಿಸುವ ಗೆರೆ. ಬಲೆಯನ್ನು ಎಳೆದುಕೊಳ್ಳಲು ಬೇಕಾದ ಹೊತ್ತು, ಕಾವಲು ದೋಣಿ ದೂರದಿಂದ ಕಂಡು ಹತ್ತಿರ ಬರಲು ಬೇಕಾದ ಹೊತ್ತಿಗಿಂತ ಹೆಚ್ಚೇನೂ ಅಲ್ಲ.

ಕಾಡಿನ ಎಲ್ಲೆಗೆ ಕಲ್ಲು ನೆಡಬಹುದು, ಕಂದಕ ತೋಡಬಹುದು. ನೀರಿನ ಎಲ್ಲೆ ಅಕ್ಷಾಂಶ ರೇಖಾಂಶಗಳ ಅಂಕಿಯಲ್ಲಿ ಮಾತ್ರ ಇರುತ್ತದೆ. ಮೊದಮೊದಲು ಆ ಅಂಕಿಗಳನ್ನು ಓದುವ ಉಪಕರಣ ಸಣ್ಣ ದೋಣಿಗಳಲ್ಲಿ ಇರಲಿಲ್ಲ. ಇದ್ದದ್ದು ದಡದ ಮರ, ದೀಪ, ನೀರಿನ ಬಣ್ಣಗಳ ಲೆಕ್ಕ. ಅರಣ್ಯ ಇಲಾಖೆಗೂ ಕಡಲಿಗೆ ಯೋಗ್ಯವಾದ ಸ್ವಂತ ನೌಕೆಗಳ ಕೊರತೆ. ಆದುದರಿಂದ ಪ್ರತಿ ಹಂಗಾಮಿನಲ್ಲಿಯೂ ಇಲಾಖೆ ಟ್ರಾಲರುಗಳನ್ನೇ ಬಾಡಿಗೆಗೆ ಹಿಡಿದು ಟ್ರಾಲರುಗಳನ್ನು ಬೆನ್ನಟ್ಟುತ್ತ ಬಂದಿದೆ. 1980ರ ದಶಕದಿಂದ ಕರಾವಳಿ ರಕ್ಷಣಾ ಪಡೆಯ ನೌಕೆ ವಿಮಾನಗಳ ನೆರವೂ ಇದೆ. ಆಮೆಯ ಇಂಗ್ಲಿಷ್ ಹೆಸರಿನಿಂದಲೇ ಆ ಕಾರ್ಯಾಚರಣೆಗೆ ಒಲಿವಿಯಾ ಎಂದು ಹೆಸರು. ಆದರೆ ದೊಡ್ಡ ನೌಕೆ ಆಳವಿಲ್ಲದ ನದೀಮುಖಕ್ಕೆ ಬರಲಾರದು. ಅಲ್ಲಿ ಉಳಿಯುವವರು ಅರಣ್ಯ ರಕ್ಷಕರು. ಹುಲಿಯ ಹೆಜ್ಜೆ ಗುರುತಿಸಲು, ಮರದ ಗಾತ್ರ ಅಳೆಯಲು ತರಬೇತು ಪಡೆದವರು, ರಾತ್ರಿಯ ಕಡಲಿನಲ್ಲಿ ತಮಗಿಂತ ಹೆಚ್ಚು ನೀರು ಬಲ್ಲವರನ್ನು ತಡೆದು ನಿಲ್ಲಿಸಬೇಕು.

ತಡೆದು ನಿಲ್ಲಿಸಿದ ಮೇಲೆ ಯಾವ ಕಾಯ್ದೆಯಡಿ ಮೊಕದ್ದಮೆ ಬರೆಯಬೇಕು? ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ಗಂಟು ಇರುವುದು ಇಲ್ಲಿ. ಗಹಿರಮಥಾದಲ್ಲಿ ಅರಣ್ಯಾಧಿಕಾರಿಗೆ ಎರಡು ಕಾಯ್ದೆಗಳ ಅಸ್ತ್ರವಿದೆ. 1982ರ ಮೀನುಗಾರಿಕೆ ಕಾಯ್ದೆಯಂತೆ ನಡೆದರೆ ವಿಷಯ ಮೀನುಗಾರಿಕೆ ಇಲಾಖೆಯ ನಿರ್ಣಯಾಧಿಕಾರಿಯ ಮುಂದೆ ಹೋಗುತ್ತದೆ. ಮೂಲ ಕಾಯ್ದೆಯ ಮಾದರಿಯಲ್ಲಿ ದಂಡ ಹಿಡಿದ ಮೀನಿನ ಬೆಲೆಗೆ ಅನುಗುಣ, ಹೆಚ್ಚೆಂದರೆ ಅದರ ಐದು ಪಟ್ಟು. ವನ್ಯಜೀವಿ ಕಾಯ್ದೆಯಂತೆ ನಡೆದರೆ ಅದು ನ್ಯಾಯಾಲಯದ ಅಪರಾಧ ಪ್ರಕರಣ. ದೋಣಿ, ಬಲೆ ಜಪ್ತಿಯಾಗುತ್ತವೆ. ಮೊದಲನೆಯ ಅನುಸೂಚಿಯ ಪ್ರಾಣಿಯಾದ ಆಮೆಯ ಬೇಟೆ ಸಾಬೀತಾದರೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಸೆರೆವಾಸ. ಅದೇ ನೀರು, ಅದೇ ಬಲೆ, ಅದೇ ರಾತ್ರಿ. ಒಂದು ಕಾಗದದಲ್ಲಿ ದಂಡ ತೆತ್ತು ಮನೆಗೆ ಹೋಗುವವನು ಇನ್ನೊಂದು ಕಾಗದದಲ್ಲಿ ಸೆರೆಮನೆಗೆ ಹೋಗುತ್ತಾನೆ. ಹಾಗೆ ಹೋಗುವವನು ಸಾಮಾನ್ಯವಾಗಿ ದೋಣಿಯ ಒಡೆಯನಲ್ಲ. ಒಡೆಯ ಬಂದರಿನಲ್ಲಿರುತ್ತಾನೆ, ದೋಣಿಯಲ್ಲಿರುವವರು ಕೂಲಿಯ ಕಲಾಸಿಗಳು, ಹಲವರು ಆ ಕರಾವಳಿಯಲ್ಲಿ ನೆಲೆಸಿದ ಬಂಗಾಳಿ ಮಾತೃಭಾಷೆಯ ಬಡ ಕುಟುಂಬಗಳವರು.

ಅರ್ಥಶಾಸ್ತ್ರದ ಕುಟುಂಬಿಯನ್ನು ನೆನೆಯಬೇಕಾದದ್ದು ಈ ಸಂದರ್ಭದಲ್ಲಿ. ಅಭಯವನದ ಎಲ್ಲೆಯೊಳಗೆ ಬಾಳುವವನಿಗೆ ಮಧ್ಯಮ ದಂಡವೆಂದ ಶಾಸ್ತ್ರಕಾರನು ದಯಾಳುವೆಂದು ಹೆಸರಾದವನಲ್ಲ. ಕಠೋರ ದಂಡಗಳನ್ನು ನಿರ್ವಿಕಾರವಾಗಿ ವಿಧಿಸಿದವನು. ಅವನಿಗೂ ಆ ಭೇದ ಅಗತ್ಯವೆನಿಸಿತ್ತು. 1991ರ ತಿದ್ದುಪಡಿಯಲ್ಲಿ ಸ್ಥಳೀಯ ಮೀನುಗಾರರ ಹಿತರಕ್ಷಣೆಯ ಮಾತಿದೆ, ಆದರೆ ಅದು ಘೋಷಣೆಗೆ ಮೊದಲು ಸರ್ಕಾರ ಮಾಡಬೇಕಾದ ಕರ್ತವ್ಯವಾಗಿ ಉಳಿಯಿತು. ದಂಡ ವಿಧಿಸುವ ಪ್ರಕರಣದಲ್ಲಿ ಅದರ ನೆರಳೂ ಬೀಳಲಿಲ್ಲ. ಸಣ್ಣ ಮೀನುಗಾರನನ್ನು ದೊಡ್ಡ ದೋಣಿಯಿಂದ ಕಾಪಾಡಲು ಹುಟ್ಟಿದ 1982ರ ಕಾಯ್ದೆ, ಆಮೆಯ ಕಾರಣದಿಂದ, ಸಣ್ಣ ಮೀನುಗಾರನ ಮೇಲೆಯೇ ತಿರುಗಿತೆಂದು ಅಲ್ಲಿನ ಮೀನುಗಾರ ಸಂಘಟನೆಗಳು ಹೇಳುತ್ತ ಬಂದಿರುವುದನ್ನು ಸುಲಭವಾಗಿ ತಳ್ಳಿಹಾಕಲಾಗದು. ಇನ್ನೊಂದು ಪಕ್ಷವನ್ನೂ ಹೇಳಬೇಕು. ಕಾವಲು ಇಲ್ಲದಿದ್ದರೆ ದಡದ 5 ಕಿಲೋಮೀಟರಿನೊಳಕ್ಕೆ ಮೊದಲು ನುಗ್ಗುವುದು ಟ್ರಾಲರೇ. ಆಗ ನಾಡದೋಣಿಗೆ ಆಮೆಯೂ ಉಳಿಯದು, ಮೀನೂ ಉಳಿಯದು. ಟ್ರಾಲರನ್ನು ಬೆನ್ನಟ್ಟುವ ಅರಣ್ಯ ರಕ್ಷಕ ತನಗರಿವಿಲ್ಲದೆಯೇ ನಾಡದೋಣಿಯ ಮಿತ್ರನೂ ಹೌದು. ಪರಸ್ಪರ ವೈರಿಗಳೆಂದು ತಿಳಿದವರ ನಡುವಿನ ಈ ಮೈತ್ರಿಯನ್ನು ಯಾವ ಆಜ್ಞಾಪತ್ರವೂ ಸ್ಪಷ್ಟವಾಗಿ ಬರೆದಿಲ್ಲ.

ಸೂನಾಧ್ಯಕ್ಷನ ಕೆಲಸ ಹೀಗಾಯಿತು; ನಾವಧ್ಯಕ್ಷನ ಕೆಲಸ ಏನಾಯಿತು? ಭಿತರಕನಿಕಾದ ಕೊಲ್ಲಿಗಳಲ್ಲಿ ಪ್ರವಾಸಿಗರ ದೋಣಿಗಳನ್ನು ನಿಯಂತ್ರಿಸುವುದೂ ಅರಣ್ಯ ಇಲಾಖೆಯ ಪಾಲಿಗೇ ಬಂದಿದೆ. ಆಚೆಯ ನದೀಮುಖಗಳಲ್ಲಿ ಬಂದರು, ಮೀನುಗಾರಿಕೆ, ಪೊಲೀಸು, ಜಿಲ್ಲಾಡಳಿತ ಎಲ್ಲರ ಕಣ್ಣೂ ಇದೆ, ಆದ್ದರಿಂದಲೇ ಯಾರ ಕಣ್ಣೂ ಇಲ್ಲ. 2019ರ ಜನವರಿಯ ಆರಂಭದಲ್ಲಿ ಕೇಂದ್ರಾಪಡಾ ಜಿಲ್ಲೆಯಲ್ಲಿ, ಮಹಾನದಿಯ ಮುಖದ ಬಳಿ, ಹುಕಿಟೋಲಾ ದ್ವೀಪದ ವಿಹಾರದಿಂದ ಮರಳುತ್ತಿದ್ದವರ ದೋಣಿ ಮಗುಚಿ ಹೆಂಗಸರು ಮಕ್ಕಳು ಸತ್ತರು. ಹುಕಿಟೋಲಾ ಎಂಬುದು 1866ರ ಮಹಾಕ್ಷಾಮದ ಬಳಿಕ ಅಕ್ಕಿ ದಾಸ್ತಾನಿಗೆಂದು ಆಂಗ್ಲರು ಕಟ್ಟಿಸಿದ ಉಗ್ರಾಣವಿರುವ ಜಾಗ. ಅದೇ ತಿಂಗಳ 21ರಂದು ನಮ್ಮ ಕಾರವಾರದ ಕಡಲಿನಲ್ಲಿ, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಮಿತಿಮೀರಿದ ಜನ, ಜೀವರಕ್ಷಕ ಅಂಗಿಯಿಲ್ಲದ ಪ್ರಯಾಣ. ಪೂರ್ವ ಪಶ್ಚಿಮ ಕರಾವಳಿಗಳೆರಡರಲ್ಲಿಯೂ ಮೂರು ವಾರಗಳ ಅಂತರದಲ್ಲಿ ಇಂಥ ದುರಂತ ನಡೆಯಿತು. ಆಮೆಯ ಹೆಸರು ಹೊತ್ತ ದ್ವೀಪವೊಂದು ಅದರಲ್ಲಿ ಸೇರಿದ್ದು ಕಾಕತಾಳೀಯ. ಆಳುಗಳಿಲ್ಲದ, ಸಲಕರಣೆಯಿಲ್ಲದ ದೋಣಿ ಮುಳುಗಿದರೆ ಅಧ್ಯಕ್ಷನೇ ತುಂಬಿಕೊಡಬೇಕೆಂಬ ವಿಧಿಯನ್ನು ನಾನು ಮತ್ತೊಮ್ಮೆ ಓದಿದ್ದು ಆ ತಿಂಗಳಿನಲ್ಲಿ.

ಆಮೆಯ ಕಾವಲಿಗೂ ಮನುಷ್ಯರ ಸುರಕ್ಷತೆಗೂ ಇರುವ ನಂಟನ್ನು ಪಂಚಾಂಗವೇ ತೋರಿಸುತ್ತದೆ. ಒಡಿಶಾದ ಧಾಮರಾ, ದೇವಿ, ಋಷಿಕುಲ್ಯಾ ನದೀಮುಖಗಳ ಸುತ್ತ ದಡದಿಂದ 20 ಕಿಲೋಮೀಟರಿನವರೆಗೆ ನವೆಂಬರ್ 1ರಿಂದ ಮೇ 31ರವರೆಗೆ ಮೀನುಗಾರಿಕೆಯ ನಿಷೇಧ. (ಋಷಿಕುಲ್ಯಾ ನದಿಯ ದಂಡೆಯಲ್ಲಿಯೇ, ಕಡಲಿನಿಂದ ಮೇಲಕ್ಕೆ, ಜೌಗಡದ ಬಂಡೆಯಿದೆ. ಅಲ್ಲಿನ ಪ್ರತ್ಯೇಕ ಶಾಸನಗಳ ಪಾಠವೇ ನಮ್ಮ ಸನ್ನತಿಯಲ್ಲಿಯೂ ದೊರೆತಿರುವುದು ಶಾಸನಾಭ್ಯಾಸಿಗಳಿಗೆ ಗೊತ್ತಿದೆ.) ಇದಲ್ಲದೆ ಪೂರ್ವ ಕರಾವಳಿಗೆಲ್ಲ ಅನ್ವಯಿಸುವಂತೆ, ಮೀನಿನ ಸಂತಾನವೃದ್ಧಿಗಾಗಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಅಶೋಕನ ಶಾಸನದಲ್ಲಿ ಮೀನಿಗೆ ದೊರೆತ ಅಭಯದ ದಿನಗಳು ವರ್ಷಕ್ಕೆ ಐವತ್ತಾರರಷ್ಟೆಂದು ವಿದ್ವಾಂಸರು ಎಣಿಸಿದ್ದಾರೆ. ಆ ಅಂಕಿ 61ರ ಸಮೀಪಕ್ಕೆ ಬರುವುದು ಆಕಸ್ಮಿಕ. ಎರಡೂ ನಿಷೇಧಗಳನ್ನು ಕೂಡಿಸಿದರೆ ಈ ನದೀಮುಖಗಳ ಯಂತ್ರದೋಣಿಯವನಿಗೆ ಹತ್ತಿರದ ನೀರು ಮುಚ್ಚಿರುವುದು ಏಳೂವರೆ ತಿಂಗಳು. ಸರ್ಕಾರ ಕೊಡುವ ಪರಿಹಾರಧನ ಅಷ್ಟು ತಿಂಗಳಿಗೆ ಸಾಲದೆಂಬುದು ಹಳೆಯ ದೂರು.

ಹೀಗೆ ಮುಚ್ಚಿದ ತಿಂಗಳುಗಳಲ್ಲಿ ಹೆಚ್ಚಿನವು ಬಂಗಾಳ ಕೊಲ್ಲಿ ಶಾಂತವಾಗಿರುವ ಚಳಿಗಾಲದವು. ತೆರೆದುಕೊಳ್ಳುವುದು ಜೂನ್ 15ಕ್ಕೆ. ಆ ಹೊತ್ತಿಗೆ ಮುಂಗಾರು ಒಡಿಶಾವನ್ನು ತಲಪುವ ಸಮಯ. ಮುಂದೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತಗಳು. ಅಕ್ಟೋಬರಿನಲ್ಲಿ ಚಂಡಮಾರುತದ ಕಾಲ. 1999ರ ಅಕ್ಟೋಬರ್ 29ರ ಮಹಾಚಂಡಮಾರುತ ಅಪ್ಪಳಿಸಿದ್ದು ಪಾರಾದೀಪದ ಸಮೀಪದಲ್ಲಿಯೇ. ಚಳಿಗಾಲದಲ್ಲಿ ಹತ್ತಿರದ ನೀರು ಬೇಡವೆಂದರೆ ದೋಣಿ 20 ಕಿಲೋಮೀಟರಿನ ಆಚೆಗೆ ಹೋಗಬೇಕು; ಸಣ್ಣ ಎಂಜಿನಿನ ದೋಣಿಗೆ ಅದು ತನ್ನ ಅಳತೆಯ ನೀರಲ್ಲ. ಈಚಿನ ವರ್ಷಗಳಲ್ಲಿ ದೋಣಿಗಳಿಗೆ ಉಪಗ್ರಹದೊಡನೆ ಸಂಪರ್ಕವಿರುವ ಟ್ರಾನ್ಸ್‌ಪಾಂಡರುಗಳನ್ನು ಅಳವಡಿಸುವ ಕೆಲಸ ನಡೆದಿದೆ. ದೋಣಿ ಎಲ್ಲೆ ದಾಟಿದರೆ ಅದೇ ಪೆಟ್ಟಿಗೆ ಸುದ್ದಿ ಕೊಡುತ್ತದೆ; ಬಿರುಗಾಳಿ ಬರುವಾಗ ಮುನ್ಸೂಚನೆಯನ್ನೂ, ಮುಳುಗುವಾಗ ಕೂಗನ್ನೂ ಅದೇ ಪೆಟ್ಟಿಗೆ ರವಾನಿಸುತ್ತದೆ. ಸೂನಾಧ್ಯಕ್ಷ, ನಾವಧ್ಯಕ್ಷರಿಬ್ಬರೂ ಒಂದೇ ಪೆಟ್ಟಿಗೆಯಲ್ಲಿ ಸೇರಿದಂತಾಯಿತು. ಮೀನುಗಾರನು ಅದನ್ನು ಚಾಲೂ ಇಟ್ಟುಕೊಳ್ಳುವನೋ, ಆರಿಸಿಡುವನೋ ಎಂಬುದು ಆ ಇಬ್ಬರಲ್ಲಿ ಯಾರ ಕಣ್ಣು ತನ್ನ ಮೇಲಿದೆಯೆಂದು ಅವನು ಭಾವಿಸುತ್ತಾನೆ ಎಂಬುದನ್ನು ಅವಲಂಬಿಸಿದೆ.